ನಾಲ್ಕನೆಯ ಫೋಟೋ

ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ನಾನು ಅಂಗಡಿಯ ಬಾಗಿಲು ತೆಗೆದು ಇನ್ನೂ ಕಾಫಿಗೆ ನೀರಿಟ್ಟಿರುವುದಿಲ್ಲ, ಅಷ್ಟರಲ್ಲಿ ನೆರೇಯ್ದಾ ತಾಪಿಯಾಳ ಬೂದು ಬಣ್ಣದ ಕಾರು ಹಿಂದುಹಿಂದಕ್ಕೆ ಬಂದು ನನ್ನ ಗಾಜಿನ ಮುಂದೆ ನಿಲ್ಲುತ್ತದೆ. ಅವಳು ಕೆಳಗಿಳಿಯುವುದಿಲ್ಲ. ಬ್ರೇಕ್ ಒತ್ತಿ, ಕಾರಿನ ಕನ್ನಡಿಯಲ್ಲಿ ನನ್ನ ಅಂಗಡಿಯ ಗಾಜನ್ನು ನೋಡುತ್ತಾಳೆ. ಗಾಜಿನಲ್ಲಿ ಎರಡು ಕೆಂಪು ದೀಪ ಹೊತ್ತಿಕೊಂಡರೆ ಸರಿ. ಆಮೇಲೆ ಎಡ ಇಂಡಿಕೇಟರು, ಬಲ ಇಂಡಿಕೇಟರು. ಎಲ್ಲ ಉರಿದರೆ ನನಗೊಂದು ಕೈಯೆತ್ತಿ ಹೊರಟುಬಿಡುತ್ತಾಳೆ. ಮನೆಯಲ್ಲಿ ಇನ್ನೊಂದು ಜೀವವಿದ್ದವರು ಈ ಕೆಲಸಕ್ಕೆ ಅಂಗಡಿ ಹುಡುಕಿಕೊಂಡು ಬರುವುದಿಲ್ಲ. ಹೆಂಡತಿಯೋ ಮಗನೋ ಕಾರಿನ ಹಿಂದೆ ನಿಂತು 'ಉರೀತಿದೆ' ಎಂದು ಕೂಗುತ್ತಾರೆ. ಇವಳಿಗೆ ಕೂಗುವವರಿಲ್ಲ.

ಅವಳಪ್ಪ ಎಲಿಯಾಸಾರ್ ನಮ್ಮ ಕಣಿವೆಯಿಂದ ಹೋದದ್ದು ಒಂದು ಬ್ರೇಕ್ ದೀಪದಿಂದಲೇ. ಚೆರಿ ಕೊಯ್ಲಿಗೆ ಹೊರಟವನ ಗಾಡಿಯ ಬಲಗಡೆಯ ದೀಪ ಸುಟ್ಟುಹೋಗಿತ್ತು. ಪೊಲೀಸ್ ಕೈ ಅಡ್ಡ ಹಾಕಿದ, ಈ ದೇಶದಲ್ಲಿರಲು ಪರವಾನಗಿಯ ಕಾಗದ ಕೇಳಿದ. ಎಲಿಯಾಸಾರ್‌ಗೆ ಕಾಗದವಿರಲಿಲ್ಲ. ಮೂರು ವಾರದಲ್ಲಿ ಅವನು ಮೆಕ್ಸಿಕೋದ ಮಿಚೊವಾಕಾನ್ ಬೆಟ್ಟದ ಎಲ್ ಕಪುಲಿನ್ ಎಂಬ ತನ್ನ ಹುಟ್ಟೂರಲ್ಲಿದ್ದ. ಗಡಿಯ ಈಚೆ, ಇಲ್ಲಿ ಯಾಕಿಮಾ ಕಣಿವೆಯಲ್ಲಿ, ಚರ್ಚಿನ ಹಿಂದಿನ ಟ್ರೇಲರ್ ಮನೆಯಲ್ಲಿ, ಹೆಂಡತಿ ಒತಿಲಿಯಾ ಮತ್ತು ಹದಿನಾಲ್ಕು ವರ್ಷದ ನೆರೇಯ್ದಾ ಉಳಿದರು. ಅವರಿಬ್ಬರಿಗೂ ಕಾಗದವಿರಲಿಲ್ಲ. ನಾಲ್ಕು ವರ್ಷದವಳಿದ್ದಾಗ ಅಮ್ಮನ ಸೊಂಟದ ಮೇಲೆ ಗಡಿ ದಾಟಿ ಬಂದ ಹುಡುಗಿ ಅವಳು. ಎಲ್ ಕಪುಲಿನ್ ಎಂದರೆ ಅವಳಿಗೆ ನೆನಪಿದ್ದದ್ದು ಒಂದು ಟರ್ಕಿ ಕೋಳಿ ಅಟ್ಟಿಸಿಕೊಂಡು ಬಂದದ್ದು, ಅಷ್ಟೆ.

ನನ್ನದು ಫೋಟೋ ಅಂಗಡಿ. ಹೆಸರು ಎನ್ಕಾರ್ನಾಸಿಯೋನ್, ಊರವರ ಬಾಯಲ್ಲಿ ದೋನ್ ಚೋನ್. ಪಾಸ್‌ಪೋರ್ಟ್ ಅಳತೆಯ ಫೋಟೋ ತೆಗೆಯುತ್ತೇನೆ, ಅರ್ಜಿಗಳ ನಕಲು ಮಾಡುತ್ತೇನೆ, ಸ್ಪ್ಯಾನಿಷ್ ಪತ್ರಗಳನ್ನು ಇಂಗ್ಲಿಷಿಗೆ ಮಾಡಿಕೊಡುತ್ತೇನೆ. ನನಗೆ ಕಾಗದ ಸಿಕ್ಕಿದ್ದು ಎಂಬತ್ತಾರರ ಕಾಯಿದೆಯಲ್ಲಿ. ತೊಂಬತ್ತು ದಿನ ಹೊಲದಲ್ಲಿ ದುಡಿದಿದ್ದಾನೆ ಎಂದು ತೋಟದ ಯಜಮಾನ ಒಂದು ಚೀಟಿ ಬರೆದುಕೊಟ್ಟ, ಮುಗಿಯಿತು. ನನ್ನ ಪಕ್ಕದ ಸಾಲಿನಲ್ಲಿ ಕೊಯ್ಯುತ್ತಿದ್ದವನಿಗೆ ಯಜಮಾನ ಬರೆದುಕೊಡಲಿಲ್ಲ. ನನ್ನ ಜಾಣತನ ಅದರಲ್ಲಿ ಎಳ್ಳಷ್ಟೂ ಇಲ್ಲ. ಆದರೂ ಮೂವತ್ತೇಳು ವರ್ಷ ಈ ಗಲ್ಲಾದ ಹಿಂದೆ ಕೂತು, ಕಾಗದವಿಲ್ಲದವರಿಗೆ ಬುದ್ಧಿ ಹೇಳುವುದು ನನಗೆ ಚಟವಾಗಿಬಿಟ್ಟಿದೆ.

ಎರಡು ಸಾವಿರದ ಹನ್ನೆರಡರ ಬೇಸಿಗೆಯಲ್ಲಿ ಆ ಸುದ್ದಿ ಬಂತು. ಚಿಕ್ಕಂದಿನಲ್ಲಿ ಅಪ್ಪ ಅಮ್ಮ ಕರೆತಂದ ಮಕ್ಕಳನ್ನು ಎರಡು ವರ್ಷದ ಮಟ್ಟಿಗೆ ಗಡಿಯಾಚೆ ತಳ್ಳುವುದಿಲ್ಲ, ಕೆಲಸ ಮಾಡಲು ಒಂದು ಕಾರ್ಡು ಕೊಡುತ್ತೇವೆ, ಎರಡು ವರ್ಷವಾದ ಮೇಲೆ ಮತ್ತೆ ಕೇಳಿಕೊಳ್ಳಿ ಎಂದಿತು ಸರಕಾರ. ಆದರೆ ಇಷ್ಟು ವರ್ಷ ಈ ದೇಶ ಬಿಟ್ಟು ಹೋಗಿಲ್ಲ ಎಂದು ಸಾಬೀತು ಮಾಡಬೇಕು. ಒತಿಲಿಯಾ ಮಗಳನ್ನು ಕರೆದುಕೊಂಡು, ಕಂಕುಳಲ್ಲಿ ಬಿಸ್ಕತ್ತಿನ ದೊಡ್ಡ ಡಬ್ಬಿ ಇಟ್ಟುಕೊಂಡು ನನ್ನಲ್ಲಿಗೆ ಬಂದಳು. ಡಬ್ಬಿಯ ತುಂಬ ಕಾಗದ. ಲಸಿಕೆ ಹಾಕಿಸಿದ ಚೀಟಿಗಳು, ಎರಡನೇ ಕ್ಲಾಸಿನಲ್ಲಿ ಚಿತ್ರ ಬರೆದದ್ದಕ್ಕೆ ಕೊಟ್ಟ ಪ್ರಮಾಣಪತ್ರ, ಹಲ್ಲು ಕಿತ್ತ ರಸೀದಿ.

"ಒಂದು ಚೂರೂ ಎಸೆದಿಲ್ಲ ದೋನ್ ಚೋನ್," ಎಂದಳು ಒತಿಲಿಯಾ. "ನಮ್ಮಂಥೋರಿಗೆ ಮನೆ ಇಲ್ದಿದ್ರೂ ನಡೆಯುತ್ತೆ, ಕಾಗದ ಇರ್ಬೇಕು."

ಎಲ್ಲ ವರ್ಷಕ್ಕೂ ಪುರಾವೆ ಸಿಕ್ಕಿತು, ಎರಡು ಸಾವಿರದ ಮೂರಕ್ಕೆ ಮಾತ್ರ ಸಿಗಲಿಲ್ಲ. ಡಬ್ಬಿ ಬೋರಲು ಹಾಕಿ ಹುಡುಕಿದೆವು. ಕೊನೆಗೆ ತಳದಲ್ಲಿ ಅಂಟಿಕೊಂಡಿದ್ದ ಒಂದು ಚೀಟಿ ಎದ್ದುಬಂತು. ಕುದುರೆಗಳ ಬಗ್ಗೆ ಒಂದು ಪುಸ್ತಕ ತೆಗೆದುಕೊಂಡು ಹೋದವಳು ವಾಪಸ್ ಕೊಟ್ಟಿಲ್ಲ ಎಂದು ಶಾಲೆಯ ಗ್ರಂಥಾಲಯದವರು ಕಳಿಸಿದ್ದ ಎಚ್ಚರಿಕೆ.

"ನೋಡಿದ್ಯಾ ಹುಡುಗಿ, ಕಳ್ಳತನಾನೇ ಕಾಪಾಡ್ತು ನಿನ್ನ," ಎಂದೆ.

"ಕದ್ದಿಲ್ಲ, ಓದಿ ಮುಗ್ದಿರಲಿಲ್ಲ," ಎಂದಳು ನೆರೇಯ್ದಾ.

ಫೋಟೋ ತೆಗೆದೆ. ಬಿಳಿ ಪರದೆ, ಕಿವಿ ಕಾಣಬೇಕು, ನಗಬಾರದು. ನನ್ನ ಯಂತ್ರ ಒಂದು ಹಾಳೆಗೆ ನಾಲ್ಕು ಫೋಟೋ ಕೊಡುತ್ತದೆ. ಎರಡು ಸರಕಾರಕ್ಕೆ ಹೋದವು. ಮೂರನೆಯದನ್ನು ಒತಿಲಿಯಾ ಡಬ್ಬಿಗೆ ಹಾಕಿದಳು. ನಾಲ್ಕನೆಯದನ್ನು ರವಿಕೆಯೊಳಗೆ ಇಟ್ಟುಕೊಂಡಳು.

ಮಗಳಿಗೆ ಕಾರ್ಡು ಬಂದದ್ದೇ ಒತಿಲಿಯಾ ಗಂಟು ಕಟ್ಟಲು ಶುರುಮಾಡಿದಳು. ನಾನಿದನ್ನು ಆಗಲೇ ಗಮನಿಸಬೇಕಿತ್ತು. ಇಷ್ಟು ದಿನ ಅವಳು ಇಲ್ಲಿ ಕಾವಲಿಗೆ ಕೂತಿದ್ದಳು. ಈಗ ಕಾವಲಿಗೆ ಕಾರ್ಡು ಬಂತು. ಅಲ್ಲಿ ಎಲಿಯಾಸಾರ್‌ಗೆ ಮಂಡಿನೋವು, ಬೇಯಿಸಿ ಹಾಕುವವರಿಲ್ಲ. ಮಗಳು ಹೈಸ್ಕೂಲು ಮುಗಿಸಿದ ವಾರವೇ ಹೊರಟಳು. "ಎರಡು ವರ್ಷ ಅಷ್ಟೆ. ಅಷ್ಟರಲ್ಲಿ ಒಂದು ಕಾಯಿದೆ ಮಾಡ್ತಾರೆ, ನೀನು ಹೋಗ್ತಾ ಬರ್ತಾ ಇರ್ತೀಯ," ಎಂದಳು. ಆಗ ಎಲ್ಲರೂ ಹಾಗೇ ನಂಬಿದ್ದರು. ನಾನೂ ನಂಬಿದ್ದೆ. ಕಾಯಿದೆ ಬರಲಿಲ್ಲ. ಎರಡು ವರ್ಷದ ಕಾರ್ಡು ಮಾತ್ರ ಬರುತ್ತಲೇ ಇತ್ತು.

ಹದಿನೆಂಟು ವರ್ಷದ ಹುಡುಗಿ ಮೂರು ಜನರ ಮನೆಯಲ್ಲಿ ಒಬ್ಬಳೇ ಉಳಿದಳು. ಸೇಬಿನ ಗೋದಾಮಿನಲ್ಲಿ ಹಣ್ಣು ಪರೀಕ್ಷೆ ಮಾಡುವ ಕೆಲಸ ಸಿಕ್ಕಿತು. ಅಲ್ಲಿ ಗಾಳಿ ತೆಗೆದು ಮುದ್ರೆ ಹಾಕಿದ ಕೋಣೆಗಳಿವೆ. ಒಳಗಿಟ್ಟ ಸೇಬು ಹತ್ತು ತಿಂಗಳಾದರೂ ಇದ್ದ ಹಾಗೇ ಇರುತ್ತದೆ. "ನಾನೂ ಆ ಕೋಣೆ ಸೇಬೇ ದೋನ್ ಚೋನ್. ಹಣ್ಣೂ ಆಗಲ್ಲ, ಕೊಳೆಯೋದೂ ಇಲ್ಲ," ಎಂದು ಒಮ್ಮೆ ಹೇಳಿದಳು. ನಗುತ್ತಲೇ ಹೇಳಿದಳು, ನಾನೂ ನಕ್ಕೆ. ಇಬ್ಬರು ಹುಡುಗರು ಅವಳನ್ನು ಕೇಳಿ ಬಂದಿದ್ದರು. ಒಬ್ಬನಿಗೆ ಕಾಗದವಿರಲಿಲ್ಲ, ಅವನ ಜೊತೆ ಕಾರಿನಲ್ಲಿ ಕೂರಲು ಇವಳಿಗೆ ಹೆದರಿಕೆ. ಇನ್ನೊಬ್ಬನಿಗೆ ಕಾಗದವಿತ್ತು. ಕಾಗದಕ್ಕಾಗಿ ಕಟ್ಟಿಕೊಂಡಳು ಎಂದು ನಾಳೆ ಅವನ ತಾಯಿ ಆಡಿಕೊಂಡರೆ ಎಂದು ಅವನನ್ನೂ ಬೇಡವೆಂದಳು. ಇಂಥ ಬಿಗುಮಾನ ಯಾರಿಗೆ ಬೇಕಾಗಿತ್ತು ಎಂದು ನಾನು ಬೈದೆ. ಅವಳು ಜಗ್ಗಲಿಲ್ಲ.

ಎರಡು ವರ್ಷಕ್ಕೊಮ್ಮೆ ಫೋಟೋಕ್ಕೆ ಬರುತ್ತಿದ್ದಳು. "ಬಾ, ನಿನ್ನ ಸರಕಾರಿ ಮುಖ ಹಾಕ್ಕೊಂಡು ಕೂತ್ಕೋ," ಎನ್ನುತ್ತಿದ್ದೆ. ಎರಡು ಸರಕಾರಕ್ಕೆ, ಒಂದು ಡಬ್ಬಿಗೆ. ನಾಲ್ಕನೆಯದನ್ನು ನನ್ನ ಅಂಗಡಿಯ ಮುದ್ರೆಯಿದ್ದ ಲಕೋಟೆಯಲ್ಲಿ ಹಾಕಿ ಅಲ್ಲೇ ವಿಳಾಸ ಬರೆದು ಅಮ್ಮನಿಗೆ ಕಳಿಸುತ್ತಿದ್ದಳು. ಫೋನಿನಲ್ಲಿ ಮುಖ ನೋಡುವುದು ಒತಿಲಿಯಾಳಿಗೆ ಹಿಡಿಸುತ್ತಿರಲಿಲ್ಲ. ಕರೆಂಟು ಹೋದರೆ ಹೋಗುವ ಮುಖ ಎಂಥದ್ದು ಎನ್ನುತ್ತಿದ್ದಳಂತೆ. ಫೋಟೋಗಳನ್ನು ಕನ್ನಡಿಯ ಚೌಕಟ್ಟಿಗೆ ಸಾಲಾಗಿ ಸಿಕ್ಕಿಸಿಕೊಂಡು, ಹೊಸದು ಬಂದಾಗ ಹಳೆಯದರ ಪಕ್ಕ ಹಿಡಿದು ನೋಡಿ ಫೋನು ಮಾಡುತ್ತಿದ್ದಳು: "ಈ ಸಲ ಕೆನ್ನೆ ಇಳಿದಿದೆ. ಏನು ತಿಂತೀಯ ನೀನು? ಬರೀ ಡಬ್ಬಿ ಬೀನ್ಸಾ?" ಕೆನ್ನೆ ಇಳಿದಿದ್ದದ್ದು ನಿಜವೇ. ನಗಬೇಡ ಎಂದು ನಾನು ಹೇಳುವ ಮೊದಲೇ ಅವಳು ನಗದೆ ಕೂರುತ್ತಿದ್ದಳು.

ಎಲಿಯಾಸಾರ್ ತೀರಿಕೊಂಡ ಚಳಿಗಾಲ, ಈ ಕಾರ್ಡಿನವರು ಹೊರದೇಶಕ್ಕೆ ಹೋಗಿಬರಲು ಕೊಡುತ್ತಿದ್ದ ಅನುಮತಿಯೇ ನಿಂತುಹೋಗಿತ್ತು. ಗೋದಾಮಿನ ಮೆಟ್ಟಿಲ ಮೇಲೆ ಕೂತು, ಫೋನು ಕಿವಿಗಿಟ್ಟುಕೊಂಡು, ಎಲ್ ಕಪುಲಿನ್‌ನಲ್ಲಿ ಅಪ್ಪನ ಮೇಲೆ ಮಣ್ಣೆಳೆಯುವ ಸದ್ದನ್ನು ಕೇಳಿದಳು. ಊಟದ ಬಿಡುವು ಮುಗಿದ ಗಂಟೆ ಹೊಡೆಯಿತು. ಒಳಗೆ ಹೋಗಿ ಸೇಬು ಒತ್ತಿ ನೋಡಿದಳು. ಇದನ್ನು ನನಗೆ ಹೇಳಿದ್ದು ಗೋದಾಮಿನ ಇನ್ನೊಬ್ಬಳು. ನೆರೇಯ್ದಾ ತಾನಾಗಿ ಹೇಳಲಿಲ್ಲ.

ಎರಡು ಸಾವಿರದ ಇಪ್ಪತ್ಮೂರರ ಮಾರ್ಚಿನಲ್ಲಿ ಅವಳು ಶನಿವಾರವಲ್ಲದ ದಿನ ಬಂದಳು. ಕಾರು ಮುಂದುಮುಂದಾಗಿಯೇ ನಿಲ್ಲಿಸಿ ಒಳಗೆ ಬಂದಳು.

"ಅಮ್ಮನಿಗೆ ಹೊಟ್ಟೇಲಿ ಗಡ್ಡೆ ಅಂತೆ," ಎಂದಳು. "ಪಕ್ಕದ ಮನೆ ಚಬೇಲಾ ಹೇಳಿದ್ಲು. ಅನುಮತಿ ಈಗ ಮತ್ತೆ ಕೊಡ್ತಿದ್ದಾರೆ. ಡಾಕ್ಟರ ಪತ್ರ ಇದ್ರೆ ಬೇಗ ಸಿಗುತ್ತಂತೆ. ಫೋಟೋ ತೆಗೀರಿ. ಹತ್ತೇ ದಿನ ಹೋಗಿ ಬರ್ತೀನಿ. ನೋಡಿ ಬರ್ತೀನಿ ಅಷ್ಟೆ."

ಹತ್ತು ವರ್ಷದಲ್ಲಿ ಅವಳು ಬಾಯಿಬಿಟ್ಟು ಏನಾದರೂ ಬೇಕು ಎಂದು ಕೇಳಿದ್ದು ಇದೊಂದೇ. ಫೋಟೋ ತೆಗೆದೆ. ಈ ಸಲದ ನಾಲ್ಕನೆಯದನ್ನು ಅಂಚೆಗೆ ಹಾಕಲಿಲ್ಲ. "ಕೈಯಾರೆ ಕೊಡ್ತೀನಿ," ಎಂದು ಪರ್ಸಿನಲ್ಲಿ ಇಟ್ಟುಕೊಂಡಳು. ಡಾಕ್ಟರ ಪತ್ರ ಬರುವುದೊಂದು ಬಾಕಿ.

ಮರುದಿನ ಮಧ್ಯಾಹ್ನ ಅಂಗಡಿಯ ಫೋನು ಬಡಿದುಕೊಂಡಿತು.

"ದೋನ್ ಚೋನ್, ನಾನು ಒತಿಲಿಯಾ. ನಿಮ್ಮ ಲಕೋಟೆ ಮೇಲೆ ನಂಬರಿತ್ತು."

"ಹೇಳಿ ದೋನ್ಯಾ ಒತಿಲಿಯಾ. ಮೈ ಹೇಗಿದೆ?"

"ಮೈ ಬಿಡಿ, ಅದು ಹಳೇ ಗಾಡಿ. ಒಂದು ಕೇಳ್ತೀನಿ, ನಿಜ ಹೇಳಿ. ನನ್ನ ಮಗಳು ಅನುಮತಿ ತಗೊಂಡು ಇಲ್ಲಿಗೆ ಬಂದ್ರೆ, ವಾಪಸ್ ಒಳಗೆ ಬಿಡ್ತಾರಾ ಅವಳನ್ನ?"

"ತುಂಬಾ ಜನ ಹೋಗಿ ಬಂದಿದ್ದಾರೆ."

"ಎಲ್ರೂ?"

"ನನಗೆ ಗೊತ್ತಿರೋರೆಲ್ಲಾ ಬಂದಿದ್ದಾರೆ. ಆದ್ರೆ ನೋಡಿ, ಒಳಗೆ ಬಿಡೋದು ಬಿಡದೇ ಇರೋದು ಕೊನೆಗೆ ವಿಮಾನ ನಿಲ್ದಾಣದ ಆಫೀಸರ ಕೈಲಿ ಅಂತ ಆ ಕಾಗದದಲ್ಲೇ ಬರೆದಿರುತ್ತೆ. ಹಾಗಂತ ಬಿಡಲ್ಲ ಅಂತಾನೂ ಅಲ್ಲ..."

"ಅಡ್ಡಗೋಡೆ ಮೇಲೆ ದೀಪ ಇಡ್ಬೇಡಿ ದೋನ್ ಚೋನ್. ನಿಮ್ಮ ಮಗಳಾಗಿದ್ರೆ ಕಳಿಸ್ತಿದ್ರಾ?"

ನನಗೆ ಮಕ್ಕಳಿಲ್ಲ. ಮಕ್ಕಳಿಲ್ಲದವನಿಗೆ ಆ ಪ್ರಶ್ನೆ ಸಲೀಸು. ನಾಳೆ ಏನಾದರೂ ಹೆಚ್ಚುಕಡಿಮೆಯಾದರೆ ದೋನ್ ಚೋನ್ ಕಳಿಸು ಅಂದಿದ್ದ ಎಂಬ ಮಾತು ನನ್ನ ಮೇಲೆ ಬರಬಾರದು, ಅಷ್ಟೇ ನನಗೆ ಆ ಗಳಿಗೆಯಲ್ಲಿ ಹೊಳೆದದ್ದು.

"ಇಲ್ಲ," ಎಂದೆ.

"ಸರಿ. ನಾನು ಫೋನ್ ಮಾಡಿದ್ದು ಅವಳಿಗೆ ಹೇಳ್ಬೇಡಿ," ಎಂದು ಇಟ್ಟುಬಿಟ್ಟಳು.

ವಾರ ಕಳೆದ ಮೇಲೆ ನೆರೇಯ್ದಾ ಫೋನಿಗೆ ಬಂದ ಪತ್ರವನ್ನು ಅಚ್ಚು ಹಾಕಿಸಿ ಇಂಗ್ಲಿಷಿಗೆ ಮಾಡಿಸಿಕೊಳ್ಳಲು ಬಂದಳು. ತಾನೇ ಇನ್ನೂ ಓದಿರಲಿಲ್ಲ. ಕೆಲಸದಿಂದ ನೇರ ಬಂದಿದ್ದಳು. ಯಂತ್ರದಿಂದ ಹಾಳೆ ಹೊರಗೆ ಬಂತು. ಮೇಲೆ ಡಾಕ್ಟರ ಹೆಸರು, ಕೆಳಗೆ ನೀಲಿ ಮುದ್ರೆ. ನಡುವೆ ಎರಡೇ ಸಾಲು. ಒತಿಲಿಯಾ ಎಂಬ ರೋಗಿಯನ್ನು ಪರೀಕ್ಷಿಸಿದ್ದೇನೆ, ವಯಸ್ಸಿಗೆ ತಕ್ಕಂತೆ ಆರೋಗ್ಯವಾಗಿದ್ದಾರೆ, ಹತ್ತಿರದ ಬಂಧುಗಳು ಬಂದು ನೋಡಬೇಕಾದ ಅಗತ್ಯ ಕಂಡುಬರುವುದಿಲ್ಲ.

ಅವಳು ಎರಡು ಸಲ ಓದಿದಳು. "ಬೇರೆ ಯಾರದೋ ಪತ್ರ ಕಳಿಸಿದ್ದಾರೆ," ಎಂದಳು. ಹೆಸರು ನೋಡಿದಳು. ಹೆಸರು ಸರಿಯಿತ್ತು. ಅಲ್ಲೇ ನಿಂತು ಅಮ್ಮನಿಗೆ ಫೋನು ಮಾಡಿದಳು. ನನಗೂ ಕೇಳುವಷ್ಟು ಜೋರಾಗಿತ್ತು ಒತಿಲಿಯಾಳ ದನಿ, ಬೇಕೆಂದೇ ಜೋರು ಮಾಡಿದ ದನಿ.

"ಡಾಕ್ಟರು ಓದಿದೋರು ಮಗಳೇ, ಅವರು ಬರ್ದಿದ್ದೇ ನಿಜ. ಚಬೇಲಾಗೆ ಬಾಯಿಗೆ ಬೀಗ ಇಲ್ಲ, ನೆಗಡಿ ಆದ್ರೂ ಸತ್ರು ಅಂತಾಳೆ. ಬೆಳಿಗ್ಗೆ ನಾಲ್ಕು ರೊಟ್ಟಿ ತಿಂದೆ. ನೀನು ಕೆಲಸ ನೋಡ್ಕೋ."

"ಅಮ್ಮ, ನಾನು ಬರ್ಬೇಕು ಅಂತಿದೀನಿ."

"ಕಾಯಿದೆ ಆಗ್ಲಿ, ಆಗ ಬರುವಿಯಂತೆ."

ನೆರೇಯ್ದಾ ಫೋನು ಕೆಳಗಿಟ್ಟು ನನ್ನ ಮುಖ ನೋಡಿದಳು. "ನಾನು ಬರೋದು ಅವಳಿಗೇ ಬೇಡ ಅನ್ಸುತ್ತೆ ದೋನ್ ಚೋನ್. ಹತ್ತು ವರ್ಷ ಆಯ್ತಲ್ಲ, ಅಭ್ಯಾಸ ತಪ್ಪಿರ್ಬೇಕು."

ಆಗ ಹೇಳಬೇಕಿತ್ತು. ನಾಲಿಗೆಯ ತುದಿಗೆ ಬಂದಿತ್ತು. ಮುತ್ತು ಒಡೆದರೆ ಹೋಯಿತು, ಮಾತು ಆಡಿದರೆ ಹೋಯಿತು ಎನ್ನುತ್ತಾರೆ. ಆಡದೆ ನುಂಗಿದ ಮಾತಿನಿಂದಲೂ ಅಷ್ಟೇ ನಷ್ಟ ಎಂದು ಯಾರೂ ಗಾದೆ ಕಟ್ಟಿಲ್ಲ. "ಹಾಗೇನಿರಲ್ಲ ಮಗಳೇ," ಎಂದೆ. ಅವಳು ಪತ್ರವನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡಳು. ಎಸೆಯಲಿಲ್ಲ. ಅವರ ಮನೆಯಲ್ಲಿ ಕಾಗದ ಎಸೆಯುವುದಿಲ್ಲ.

ಆ ಪತ್ರ ಬಿಟ್ಟರೆ ಅರ್ಜಿಗೆ ಲಗತ್ತಿಸಲು ಬೇರೆ ಏನೂ ಇರಲಿಲ್ಲ. ಅವಳೇ ಡಾಕ್ಟರಿಗೆ ಫೋನು ಮಾಡಿದಳಂತೆ. ರೋಗಿ ಒಪ್ಪದೆ ಬೇರೆ ಪತ್ರ ಕೊಡಲಾಗುವುದಿಲ್ಲ ಎಂದರಂತೆ. ಅನುಮತಿಯಿಲ್ಲದೆ ಹೋಗುವುದಕ್ಕೇನು, ಬಸ್ಸು ಹತ್ತಿದರೆ ಮೂರು ದಿನ. ಆದರೆ ಹೋದವಳು ಮತ್ತೆ ಬರುವಂತಿಲ್ಲ. ಹೋಗಿ ಯಾರ ಮನೆಯಲ್ಲಿ ಇರುವುದು? ಬೇಡವೆಂದ ಅಮ್ಮನ ಮನೆಯಲ್ಲಿ? ಜೂನ್ ಮೊದಲ ವಾರ, ಕಣಿವೆಯಲ್ಲಿ ಚೆರಿ ಕೆಂಪಾಗುತ್ತಿದ್ದಾಗ, ಒತಿಲಿಯಾ ತೀರಿಕೊಂಡಳು.

ಆಮೇಲೆ ಚಬೇಲಾ ಎಲ್ಲ ಹೇಳಿದಳಂತೆ. ನಡೆಯಲಾಗದ ಒತಿಲಿಯಾ ಕತ್ತೆಯ ಮೇಲೆ ಕೂತು ಎರಡು ಗಂಟೆಯ ದಾರಿ ಇಳಿದು ಆಸ್ಪತ್ರೆಗೆ ಹೋಗಿದ್ದಳು. ಆರೋಗ್ಯವಾಗಿದ್ದಾಳೆ ಎಂದು ಬರೆದುಕೊಡಿ ಎಂದು ಡಾಕ್ಟರ ಕೈಹಿಡಿದು ಅತ್ತಿದ್ದಳು. ಡಾಕ್ಟರು ಮೊದಲು ಒಪ್ಪಲಿಲ್ಲ. ಸಂಜೆಯವರೆಗೆ ಬಾಗಿಲಲ್ಲೇ ಕೂತಳು. ಒಂದು ಚೂರು ಕಾಗದ ಎಸೆಯದ ಹೆಂಗಸು, ಬದುಕಿನಲ್ಲಿ ಒಂದೇ ಒಂದು ಸುಳ್ಳು ಕಾಗದ ಮಾಡಿಸಿದಳು. ಇಷ್ಟು ನೆರೇಯ್ದಾಳೇ ನನಗೆ ಹೇಳಿದಳು. ಆದರೆ ಯಾಕೆ ಹಾಗೆ ಮಾಡಿದಳು, ಅಷ್ಟು ಹೆದರಿಕೆ ಅವಳ ತಲೆಯಲ್ಲಿ ಯಾರು ತುಂಬಿದರು ಎಂಬುದು ಚಬೇಲಾಗೆ ಗೊತ್ತಿರಲಿಲ್ಲ. ನೆರೇಯ್ದಾಗೂ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

ಒಂದು ವರ್ಷದ ಮೇಲೆ ನಾಲ್ಕು ತಿಂಗಳು ನಾನು ಬಾಯಿ ಮುಚ್ಚಿಕೊಂಡಿದ್ದೆ. ಶನಿವಾರ ಬಂದರೆ ಗಾಜಿನಲ್ಲಿ ಎರಡು ಕೆಂಪು ದೀಪ ಹೊತ್ತಿಕೊಳ್ಳುತ್ತಿದ್ದವು, ನಾನು ಒಳಗಡೆ ಖಾಲಿ ಕಾಫಿ ಲೋಟ ಹಿಡಿದು ತಲೆತಗ್ಗಿಸಿ ಕೂರುತ್ತಿದ್ದೆ. ಕಳೆದ ಅಕ್ಟೋಬರಿನಲ್ಲಿ ಅವಳ ಕಾರ್ಡಿನ ಸರದಿ ಮತ್ತೆ ಬಂತು. ಬಂದು ಬಿಳಿ ಪರದೆಯ ಮುಂದೆ ಕೂತಳು. ಕೂದಲು ಕಿವಿಯ ಹಿಂದಕ್ಕೆ ಸರಿಸಿಕೊಂಡಳು. ಕಿವಿಯ ಹತ್ತಿರ ಆರೇಳು ನರೆಗೂದಲು. ಅವಳಿಗೆ ಇಪ್ಪತ್ತೊಂಬತ್ತು ವರ್ಷ. ಸರಕಾರಿ ಮುಖ ಹಾಕಿಕೋ ಎನ್ನಲು ನನಗೆ ಬಾಯಿ ಬರಲಿಲ್ಲ. ಕ್ಯಾಮೆರಾ ಕೆಳಗಿಟ್ಟೆ.

"ನಿಮ್ಮಮ್ಮ ಆವಾಗ ನನಗೆ ಫೋನ್ ಮಾಡಿದ್ಲು," ಎಂದೆ. ಎಲ್ಲ ಹೇಳಿದೆ. ಒತಿಲಿಯಾ ಕೇಳಿದ್ದು, ನಾನು ಅಂದದ್ದು. ನಿಮ್ಮ ಮಗಳಾಗಿದ್ದರೆ ಎಂದದ್ದನ್ನೂ ಹೇಳಿದೆ. ನನ್ನನ್ನು ಉಳಿಸಿಕೊಳ್ಳಲು ಹಾಗೆಂದೆ ಎಂಬುದನ್ನೂ ಮುಚ್ಚಿಡಲಿಲ್ಲ.

ನೆರೇಯ್ದಾ ಕುರ್ಚಿಯಿಂದ ಏಳಲಿಲ್ಲ. ಎರಡೂ ಕೈ ತೊಡೆಯ ಮೇಲಿದ್ದವು. "ಹಾಗಾದ್ರೆ ನಾನು ಬರೋದು ಅವಳಿಗೆ ಬೇಡ ಅಂತ ಇರ್ಲಿಲ್ಲ," ಎಂದಳು.

"ಇರ್ಲಿಲ್ಲ ಮಗಳೇ."

"ಒಂದೂವರೆ ವರ್ಷ ಅವಳಿಗೆ ನಾನು ಬೇಡ ಅಂದ್ಕೊಂಡಿದ್ದೆ."

ಅವಳು ತೋಳಿನಿಂದ ಮುಖ ಒರೆಸಿಕೊಂಡು, "ತೆಗೀರಿ ಫೋಟೋ. ನಾನು ಕೆಲಸಕ್ಕೆ ಹೋಗ್ಬೇಕು," ಎಂದಳು.

ತೆಗೆದೆ. ಹಾಳೆ ಕತ್ತರಿಸಿ ನಾಲ್ಕನ್ನೂ ಗಲ್ಲಾದ ಮೇಲಿಟ್ಟೆ. ಎರಡನ್ನು ಅರ್ಜಿಗೆ ಸೇರಿಸಿದಳು, ಒಂದನ್ನು ಡಬ್ಬಿಗೆಂದು ಎತ್ತಿಟ್ಟುಕೊಂಡಳು. ನಾನು ಎಂದಿನ ಅಭ್ಯಾಸದಲ್ಲಿ ಲಕೋಟೆ ಮುಂದೆ ಮಾಡಿದೆ. ಅವಳೂ ಅಭ್ಯಾಸದಲ್ಲಿ ಪೆನ್ನು ತೆಗೆದುಕೊಂಡು ಅಮ್ಮನ ಹೆಸರು ಬರೆದಳು. ಊರಿನ ಹೆಸರಿಗೆ ಬಂದಾಗ ಅವಳ ಕೈ ನಿಂತಿತು. ನಾಲ್ಕನೆಯ ಫೋಟೋವನ್ನು ಬೆರಳಿನಿಂದ ನನ್ನ ಕಡೆ ಸರಿಸಿದಳು.

"ಮಗಳು ಅಂತ ಅಂದ್ಕೊಂಡು ತಾನೇ ನನ್ನ ಕಳಿಸೋದು ಬೇಡ ಅಂದಿದ್ದು ನೀವು? ಹಾಗಾದ್ರೆ ಇದು ಇನ್ಮೇಲೆ ನಿಮ್ಗೆ."

ಕ್ಷಮಿಸಿದಳೋ ಶಿಕ್ಷೆ ಕೊಟ್ಟಳೋ ನನಗೆ ಈಗಲೂ ತಿಳಿಯದು. ಕೇಳುವ ಧೈರ್ಯವೂ ಇಲ್ಲ. ಆ ಫೋಟೋವನ್ನು ಗಲ್ಲಾದ ಗಾಜಿನ ಕೆಳಗೆ ಇಟ್ಟಿದ್ದೇನೆ. ಅರ್ಜಿ ನಕಲು ಮಾಡಿಸಲು ಬಂದವರು ಯಾರಿದು ಎಂದು ಕೇಳುತ್ತಾರೆ. ನಾನು ಮಾತು ಬದಲಿಸುತ್ತೇನೆ.

ಅದಾದ ಮೇಲೆ ಎರಡು ಶನಿವಾರ ಅವಳು ಬರಲಿಲ್ಲ. ಮೂರನೆಯ ಶನಿವಾರ ಬೂದು ಕಾರು ಹಿಂದುಹಿಂದಕ್ಕೆ ಬಂದು ನಿಂತಿತು. ಹನ್ನೊಂದು ವರ್ಷ ಒಳಗಿಂದಲೇ ನೋಡಿದವನು ನಾನು, ಅವತ್ತು ಕೋಲೂರಿಕೊಂಡು ಹೊರಗೆ ಹೋಗಿ ಕಾರಿನ ಹಿಂದೆ ನಿಂತೆ. ಅವಳು ಬ್ರೇಕ್ ಒತ್ತಿದಳು.

"ಎರಡೂ ಉರೀತಿವೆ," ಎಂದು ಕೂಗಿ ಹೇಳಿದೆ.

ನಾನು ಹೇಳಿದ ಮೇಲೂ ಅವಳು ಕನ್ನಡಿಯಲ್ಲೊಮ್ಮೆ ನೋಡಿ ಖಾತ್ರಿ ಮಾಡಿಕೊಂಡೇ ಹೊರಟಳು.